ಮಗಳ ಮೊದಲ ಥಿಯೇಟರ್ ಸಿನಿಮಾ: ಪ್ರಾಣಿಗಳು ಮಾತಾಡುತ್ತವೆ, ಆದರೆ ಕನ್ನಡದಲ್ಲಲ್ಲ. ಕರೆದುಕೊಂಡು ಹೋಗಲಾ?

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಮುಂದಿನ ವಾರ ಬೆಂಗಳೂರಿಗೆ ಅಕ್ಕನ ಮನೆಗೆ ಹೋಗುತ್ತಿದ್ದೇವೆ. ಅಕ್ಕನ ಮಕ್ಕಳು ಝೂಟೋಪಿಯ 2 ಅನ್ನುವ ಅನಿಮೇಷನ್ ಸಿನಿಮಾ ನೋಡಲು ಹೊರಟಿದ್ದಾರೆ, ಚಿಕ್ಕಮ್ಮ ನೀವೂ ಬರಲೇಬೇಕು ಅಂತ ಒಂದೇ ಹಟ. ನನ್ನ ಮಗಳಿಗೆ ಐದೂವರೆ ವರ್ಷ, ಯುಕೆಜಿ. ಇಲ್ಲಿಯವರೆಗೆ ಥಿಯೇಟರಿನಲ್ಲಿ ಒಂದೂ ಸಿನಿಮಾ ನೋಡಿಲ್ಲ. ಅಕ್ಕನ ಮಗ ಫೋನಿನಲ್ಲಿ ಟ್ರೈಲರ್ ತೋರಿಸಿದ ದಿನದಿಂದ ಅವಳ ಬಾಯಲ್ಲಿ ಪೊಲೀಸ್ ಡ್ರೆಸ್ ಹಾಕಿದ ಮೊಲದ ಮಾತು ಬಿಟ್ಟರೆ ಬೇರೆ ಇಲ್ಲ.

ನನಗೆ ಎರಡು ಚಿಂತೆ.

ಮೊದಲನೆಯದು ಭಾಷೆ. ನಾವು ಹುಡುಕಿದ ಕಡೆಯೆಲ್ಲ ಇಂಗ್ಲಿಷ್ ಮತ್ತು ಹಿಂದಿ ಶೋ ಸಿಕ್ಕವು, ಕನ್ನಡದ್ದು ಒಂದೂ ಕಾಣಲಿಲ್ಲ. ಮನೆಯಲ್ಲಿ ನಾವು ಮಾತಾಡುವುದು ಕನ್ನಡ ಮಾತ್ರ. ಸ್ಕೂಲಿನಲ್ಲಿ ಕಲಿತ ಇಂಗ್ಲಿಷ್ ಇನ್ನೂ ರೈಮ್ಸ್ ಮಟ್ಟದಲ್ಲೇ ಇದೆ. ಹಿಂದಿ ಅಂತೂ ಬರುವುದೇ ಇಲ್ಲ. ರಾತ್ರಿ ಮಲಗುವಾಗ ನಮ್ಮತ್ತೆ ಅವಳಿಗೆ ಕಥೆ ಹೇಳುತ್ತಾರೆ, ಅದರಲ್ಲಿ ಮೊಲ, ನರಿ, ಆಮೆ, ಕಾಗೆ ಎಲ್ಲ ಚೆಂದದ ದಾವಣಗೆರೆ ಕನ್ನಡ ಮಾತಾಡುತ್ತವೆ. ಮೊನ್ನೆ ಅವಳು ಕೇಳಿದಳು, "ಅಮ್ಮಾ, ಆ ಪೊಲೀಸ್ ಮೊಲ ಕನ್ನಡ ಮಾತಾಡುತ್ತಾ?" ಇಲ್ಲ ಪುಟ್ಟಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಮತ್ತೆ ನಾನು ಏನಾದ್ರೂ ಕೇಳಿದ್ರೆ ಅದಕ್ಕೆ ಗೊತ್ತಾಗಲ್ವಾ?" ಅಂದಳು. ನನಗೆ ನಿಜವಾಗಲೂ ಬೇಜಾರಾಯಿತು.

ಎರಡನೆಯದು ಹೆದರಿಕೆ. ಇದಕ್ಕೆ ಕಾರಣ ನನ್ನ ದೊಡ್ಡ ಮಗ. 2019ರಲ್ಲಿ ಹೊಸ ಲಯನ್ ಕಿಂಗ್ ಬಂದಾಗ ಅವನಿಗೆ ಐದು ವರ್ಷ. ಪ್ರಾಣಿಗಳ ಸಿನಿಮಾ ಅಲ್ವಾ, ಮಕ್ಕಳದ್ದೇ ಇರುತ್ತದೆ ಅಂದುಕೊಂಡು ಹೋದೆವು. ಅಪ್ಪ ಸಿಂಹ ಬಂಡೆಯಿಂದ ಬಿದ್ದು ಸಾಯುತ್ತದಲ್ಲ, ಮರಿ ಹೋಗಿ ಅದನ್ನು ಮೂತಿಯಿಂದ ತಳ್ಳಿ ಎಬ್ಬಿಸುತ್ತದಲ್ಲ, ಅಲ್ಲಿ ಅವನು ಶುರು ಮಾಡಿದ ಅಳು ನಾವು ಹೊರಗೆ ಬಂದು ಬಸ್ ಹತ್ತಿದರೂ ನಿಲ್ಲಲಿಲ್ಲ. ಆಮೇಲೆ ಒಂದು ತಿಂಗಳು ಅವರಪ್ಪ ಮನೆಗೆ ಬರುವುದು ಹತ್ತು ನಿಮಿಷ ತಡವಾದರೂ ಬಾಗಿಲಲ್ಲೇ ಕೂರುತ್ತಿದ್ದ. ಅದು ಮತ್ತೆ ಆಗುವುದು ಬೇಡ. ಈ ಸಿನಿಮಾದಲ್ಲಿ ಒಂದು ಹಾವು ಬೇರೆ ಇದೆಯಂತೆ.

ಇಷ್ಟು ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದವರು ಇದ್ದರೆ ಹೇಳಿ. ಭಾಷೆ ಗೊತ್ತಿಲ್ಲದೆ ಮಕ್ಕಳು ಒಂದೂಮುಕ್ಕಾಲು ಗಂಟೆ ಕೂರುತ್ತಾರಾ? ಪಕ್ಕದಲ್ಲಿ ಕೂತು ಕಿವಿಯಲ್ಲಿ ಅರ್ಥ ಹೇಳುತ್ತಾ ಹೋಗುವುದು ಸರಿನಾ?


ಎರಡು ಮಕ್ಕಳ ಅಪ್ಪ, ಬೆಂಗಳೂರು

ಅಕ್ಕಾ, ಧೈರ್ಯವಾಗಿ ಕರೆದುಕೊಂಡು ಬನ್ನಿ. ಮೊದಲ ಭಾಗ 2016ರಲ್ಲಿ ಬಂದಾಗ ನನ್ನ ದೊಡ್ಡವನಿಗೆ ಆರು ವರ್ಷ, ಅವನಿಗೂ ಅದೇ ಮೊದಲ ಥಿಯೇಟರ್ ಸಿನಿಮಾ. ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಅದರಲ್ಲಿ ಒಂದು ಸರ್ಕಾರಿ ಆಫೀಸಿನ ದೃಶ್ಯ ಇದೆ. ಗಾಡಿ ನಂಬರ್ ಹುಡುಕಿಕೊಂಡು ಮೊಲ ಗಡಿಬಿಡಿಯಲ್ಲಿ ಹೋದರೆ, ಕೌಂಟರಿನಲ್ಲಿ ಕೂತಿರುವವೆಲ್ಲ ಸ್ಲಾತ್‌ಗಳು, ಅಂದರೆ ಮರದ ಮೇಲೆ ನಿಧಾನವಾಗಿ ತೆವಳುವ ಪ್ರಾಣಿ. ಒಂದೊಂದು ಪದಕ್ಕೂ ಅರ್ಧ ನಿಮಿಷ. ಇಡೀ ಥಿಯೇಟರ್ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು, ಎಲ್ಲರಿಗಿಂತ ಜಾಸ್ತಿ ನಕ್ಕವನು ನನ್ನ ಮಗ. ಭಾಷೆ ಬೇಕಾಗಲೇ ಇಲ್ಲ. ಮನೆಗೆ ಬಂದು ಎರಡು ದಿನ ಊಟಕ್ಕೆ ಕರೆದರೆ ಅದೇ ಥರ ನಿಧಾನವಾಗಿ ತಲೆ ತಿರುಗಿಸುತ್ತಿದ್ದ.

ಥಿಯೇಟರ್ ವಿಷಯದಲ್ಲಿ ಮಾತ್ರ ಕೆಲವು ಹೇಳಲೇಬೇಕು, ಯಾಕೆಂದರೆ ಚಿಕ್ಕ ಮಕ್ಕಳು ಸಿನಿಮಾಕ್ಕಿಂತ ಥಿಯೇಟರಿಗೇ ಜಾಸ್ತಿ ಹೆದರುತ್ತಾರೆ. ಲೈಟ್ ಆರುವ ಮೊದಲೇ ಒಳಗೆ ಹೋಗಿ ಕೂರಿ. ಕತ್ತಲಲ್ಲಿ ಮೆಟ್ಟಿಲು ಹುಡುಕುತ್ತಾ ಹೋದರೆ ಅಲ್ಲೇ ಅಳು ಶುರು. ಬೆಳಗಿನ ಶೋ ತೆಗೆದುಕೊಳ್ಳಿ, ಮಕ್ಕಳೇ ಜಾಸ್ತಿ ಇರುತ್ತಾರೆ, ನಿಮ್ಮವಳು ಏನಾದರೂ ಕೇಳಿದರೂ ಯಾರೂ ತಿರುಗಿ ನೋಡುವುದಿಲ್ಲ. ಹಿಂದಿನ ಸಾಲು, ದಾರಿ ಪಕ್ಕದ ಸೀಟು. ಮುಂದೆ ಕೂತರೆ ಪರದೆ ತುಂಬಾ ದೊಡ್ಡದಾಗಿ ಕಾಣುತ್ತದೆ, ಸದ್ದೂ ಜೋರು. ಮಡಚುವ ಸೀಟಾದರೆ ಹಗುರದ ಮಕ್ಕಳನ್ನು ಒಳಗೆ ಮಡಚಿಕೊಂಡು ಬಿಡುತ್ತದೆ, ನಿಮ್ಮ ಬ್ಯಾಗು ಅವಳ ಬೆನ್ನ ಹಿಂದೆ ಇಡಿ. ಏಸಿಗೆ ಒಂದು ಸ್ವೆಟರ್ ಇರಲಿ.

3ಡಿ ಬೇಡ, 2ಡಿ ಸಾಕು. ಆ ಕನ್ನಡಕ ಐದು ವರ್ಷದ ಮೂಗಿನ ಮೇಲೆ ನಿಲ್ಲುವುದಿಲ್ಲ, ಅದನ್ನು ಹಿಡಿದುಕೊಳ್ಳುವುದರಲ್ಲೇ ಸಿನಿಮಾ ಮುಗಿಯುತ್ತದೆ.

ಸಿನಿಮಾ ಶುರುವಾಗುವ ಮುಂಚೆ ಬರುವ ಬೇರೆ ಸಿನಿಮಾಗಳ ಟ್ರೈಲರ್, ತಂಬಾಕು ಬೇಡ ಅನ್ನುವ ಜಾಹೀರಾತು ಇವು ಹಾಕಿದರೆ ಆ ಹೊತ್ತಿಗೆ ಅವಳ ಗಮನ ಪಾಪ್‌ಕಾರ್ನ್ ಕಡೆ ತಿರುಗಿಸಿ. ನನ್ನ ಚಿಕ್ಕವಳು ಅತ್ತಿದ್ದು ಸಿನಿಮಾ ನೋಡಿ ಅಲ್ಲ, ತಂಬಾಕಿನ ಜಾಹೀರಾತು ನೋಡಿ. ನಮ್ಮಲ್ಲಿ ಇಂಗ್ಲಿಷ್ ಸಿನಿಮಾಕ್ಕೂ ಇಂಟರ್ವಲ್ ಕೊಡುತ್ತಾರೆ, ಅದು ಮಕ್ಕಳಿರುವವರಿಗೆ ದೊಡ್ಡ ಉಪಕಾರ. ಅಲ್ಲಿಗೆ ಸಾಕು ಅನ್ನಿಸಿದರೆ ಎದ್ದು ಬನ್ನಿ, ದುಡ್ಡಿನ ಮುಖ ನೋಡಬೇಡಿ.

ಟಿಕೆಟ್ ತೆಗೆಯುವಾಗ ಸರ್ಟಿಫಿಕೇಟ್ ಒಮ್ಮೆ ನೋಡಿ. ಈಗ ಯುಎ ಅಂತ ಒಂದೇ ಇಲ್ಲ, ಯುಎ 7+, 13+, 16+ ಅಂತ ಮೂರು ಮಾಡಿದ್ದಾರೆ. ಬರೀ ಯು ಇದ್ದರೆ ಎಲ್ಲರೂ ನೋಡಬಹುದಾದದ್ದು. 7+ ಇದ್ದರೆ ಅದಕ್ಕಿಂತ ಚಿಕ್ಕವರನ್ನು ಬಿಡುವುದಿಲ್ಲ ಅಂತಲ್ಲ, ಅಪ್ಪ ಅಮ್ಮ ಯೋಚಿಸಿ ತೋರಿಸಿ ಅಂತ ಅರ್ಥ.

ಕಿವಿಯಲ್ಲಿ ಅರ್ಥ ಹೇಳುವುದರಲ್ಲಿ ಏನೂ ತಪ್ಪಿಲ್ಲ. ನಾನು ಪೂರ್ತಿ ಹೇಳಿದ್ದೇನೆ.


ಬರ್ಮಿಂಗ್‌ಹ್ಯಾಮ್ ಕನ್ನಡತಿ

ಮೇಲಿನವರ ಎಲ್ಲ ಮಾತೂ ಒಪ್ಪುತ್ತೇನೆ, ಕೊನೆಯದೊಂದು ಬಿಟ್ಟು. ಕಿವಿಯಲ್ಲಿ ಪೂರ್ತಿ ಹೇಳುತ್ತಾ ಹೋಗಬೇಡಿ. ನಾನು ಅದನ್ನು ಮಾಡಿ ನೋಡಿದ್ದೇನೆ.

ನಮ್ಮದು ನಿಮ್ಮ ಸಮಸ್ಯೆಯ ಇನ್ನೊಂದು ಮಗ್ಗುಲು. ಇಲ್ಲಿ ಬ್ರಿಟನ್ನಿನಲ್ಲಿ ಈ ಸಿನಿಮಾದ ಹೆಸರೇ ಬೇರೆ, ಝೂಟ್ರೋಪೊಲಿಸ್ ಅಂತ. ಮಗ ಹೊರಗೆಲ್ಲ ಇಂಗ್ಲಿಷ್, ಮನೆಯಲ್ಲಿ ಮಾತ್ರ ಕನ್ನಡ. ಹೋದ ಬೇಸಿಗೆಯಲ್ಲಿ ಊರಿಂದ ನಮ್ಮಮ್ಮ ಬಂದಿದ್ದರು. ಮೂರು ಜನ ಒಂದು ಮಕ್ಕಳ ಸಿನಿಮಾಕ್ಕೆ ಹೋದೆವು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ನಾನು ಪಕ್ಕದಲ್ಲಿ ಕೂತು ಸಾಲು ಸಾಲಿಗೂ ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಧ ಗಂಟೆ ಆದ ಮೇಲೆ ಅಮ್ಮ ನನ್ನ ಕೈ ಹಿಡಿದು, "ನೀ ಸುಮ್ನಿರು, ನಾ ನೋಡ್ತೀನಿ" ಅಂದರು. ಆಮೇಲೆ ಹೊರಗೆ ಬಂದು ಕಥೆ ಕೇಳಿದರೆ ನನಗಿಂತ ಚೆನ್ನಾಗಿ ಹೇಳಿದರು. ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ, ಎಲ್ಲ ಮುಖ ನೋಡಿಯೇ ಹಿಡಿದಿದ್ದರು. ನಾನು ಮಾತಾಡುತ್ತಿದ್ದಾಗ ಅವರು ನನ್ನ ಕಡೆ ಕಿವಿ ಕೊಡಬೇಕಾಗಿತ್ತು, ಪರದೆ ಕಡೆ ಕಣ್ಣು ಇಡಬೇಕಾಗಿತ್ತು, ಎರಡೂ ಆಗುತ್ತಿರಲಿಲ್ಲ.

ಅನಿಮೇಷನ್ ಮಾಡುವವರು ಮುಖದ ಮೇಲೆ ಎಷ್ಟು ಕೆಲಸ ಮಾಡಿರುತ್ತಾರೆ ಅಂದರೆ, ಮೊದಲ ಝೂಟೋಪಿಯದಲ್ಲಿ ಜೂಡಿ ಅನ್ನುವ ಆ ಮೊಲದ ಮೈಮೇಲೆ ಸುಮಾರು 25 ಲಕ್ಷ ಕೂದಲು ಮಾಡಿದ್ದರಂತೆ. ಕಿವಿ ಎದ್ದು ನಿಂತರೆ ಖುಷಿ, ಹಿಂದಕ್ಕೆ ಬಿದ್ದರೆ ಬೇಜಾರು. ಮನೆಯಲ್ಲಿ ನಾಯಿ, ಹಸು ನೋಡಿದ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಮಗ 2019ರಲ್ಲಿ ಅಷ್ಟು ಅತ್ತಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಅನ್ನಿಸುತ್ತದೆ. 1994ರ ಹಳೆಯ ಲಯನ್ ಕಿಂಗ್ ಕೈಯಲ್ಲಿ ಬರೆದ ಚಿತ್ರ. ಸಿಂಹಕ್ಕೆ ಹುಬ್ಬಿತ್ತು, ನಗು ಇತ್ತು, ಅದು ಚಿತ್ರ ಅಂತ ಮಗುವಿಗೆ ಗೊತ್ತಾಗುತ್ತಿತ್ತು. 2019ರದ್ದನ್ನು ಕಂಪ್ಯೂಟರಿನಲ್ಲಿ ಪೂರ್ತಿ ನಿಜವಾದ ಸಿಂಹದ ಹಾಗೆ ಮಾಡಿದರು. ಇಡೀ ಸಿನಿಮಾದಲ್ಲಿ ನಿಜವಾಗಿ ಕ್ಯಾಮೆರಾದಲ್ಲಿ ತೆಗೆದದ್ದು ಮೊದಲಿನ ಸೂರ್ಯೋದಯದ ಶಾಟ್ ಒಂದೇ ಅಂತ ನಿರ್ದೇಶಕ ಜಾನ್ ಫಾವ್ರೋ ಅವರೇ ಹೇಳಿದ್ದರು. ಐದು ವರ್ಷದವನಿಗೆ ಅದು ಟೀವಿಯಲ್ಲಿ ಬರುವ ಕಾಡಿನ ಸಿಂಹದಂತೆಯೇ. ನಿಜವಾದ ಸಿಂಹ ನಿಜವಾಗಿ ಸತ್ತಿತು, ಪಾಪ ಅವನ ಲೆಕ್ಕದಲ್ಲಿ. ಝೂಟೋಪಿಯ ಆ ಥರ ಅಲ್ಲ. ಮೊಲ ಪ್ಯಾಂಟು ಹಾಕಿಕೊಂಡು ಎರಡು ಕಾಲಲ್ಲಿ ಓಡುತ್ತದೆ, ನರಿ ಟೈ ಕಟ್ಟುತ್ತದೆ. ಇದು ಆಟ ಅಂತ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ಹೆದರಿಕೆಯ ಜಾಗಗಳು ಇಲ್ಲ ಅಂತಲ್ಲ. ಮೊದಲ ಭಾಗದಲ್ಲಿ ಒಂದು ಕಪ್ಪು ಜಾಗ್ವಾರ್, ಅಂದರೆ ಚಿರತೆಯಂಥ ಪ್ರಾಣಿ, ಇದ್ದಕ್ಕಿದ್ದಂತೆ ಮಾತು ಮರೆತು ನಾಲ್ಕು ಕಾಲಿಗೆ ಬಂದು ಮೊಲ, ನರಿ ಇಬ್ಬರನ್ನೂ ಅಟ್ಟಿಸಿಕೊಂಡು ಬರುತ್ತದೆ, ನನ್ನ ಮಗ ಅಲ್ಲಿ ನನ್ನ ತೊಡೆ ಮೇಲೆ ಹತ್ತಿ ಕೂತ. ಹಾಗಾಗಿ ಮೊದಲ ಭಾಗವನ್ನು ಮನೆಯಲ್ಲಿ ಎರಡು ಮೂರು ಕಂತು ಮಾಡಿ ತೋರಿಸಿ. ಎಲ್ಲಿ ಹೆದರುತ್ತಾಳೆ ಅಂತ ನಿಮಗೇ ಗೊತ್ತಾಗುತ್ತದೆ, ಬೇಕಾದಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳಲೂಬಹುದು. ಥಿಯೇಟರಿನಲ್ಲಿ ಸುಮ್ನೆ ಕೈ ಹಿಡಿದುಕೊಂಡು ಕೂರಿ.


ನಲಿಕಲಿ ಟೀಚರ್

ನಾನು ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ ತೆಗೆದುಕೊಳ್ಳುತ್ತೇನೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ. ನಿಮ್ಮ ಹೆದರಿಕೆಯ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ.

ಪ್ರತಿ ವರ್ಷ ಪುಣ್ಯಕೋಟಿ ಹಾಡನ್ನು ಮಕ್ಕಳ ಕೈಲಿ ಆಡಿಸುತ್ತೇನೆ. ಅದರಲ್ಲಿ ಏನಿಲ್ಲ ಹೇಳಿ. ಹುಲಿ ತಾಯಿಯನ್ನು ತಿನ್ನುತ್ತೇನೆ ಅನ್ನುತ್ತದೆ. ತಾಯಿ ಮನೆಗೆ ಬಂದು, ಹಾಲು ಕೊಟ್ಟು, ಮಗುವನ್ನು ಅಕ್ಕ ತಂಗಿಯರ ಕೈಗೆ ಒಪ್ಪಿಸಿ, ಸಾಯಲು ಹೊರಟು ಬಿಡುತ್ತದೆ. ಕೊನೆಗೆ ಹುಲಿಯೇ ಹಾರಿ ಪ್ರಾಣ ಬಿಡುತ್ತದೆ. ಯಾವ ಅನಿಮೇಷನ್ ಸಿನಿಮಾದಲ್ಲೂ ಇದಕ್ಕಿಂತ ಗಟ್ಟಿಯಾದ ಕಥೆ ಇರಲಾರದು. ನಾವೆಲ್ಲ ಇದನ್ನು ನಾಲ್ಕೈದು ವರ್ಷಕ್ಕೇ ಕೇಳಿದವರು. ಮಕ್ಕಳು ಅಳುತ್ತಾರೆ. ಹುಲಿಯ ಪಾತ್ರ ಮಾಡಿದ ಹುಡುಗ ಬಿದ್ದಾಗ ಮೂರನೇ ಕ್ಲಾಸಿನವರೂ ಕಣ್ಣು ಒರೆಸಿಕೊಳ್ಳುತ್ತಾರೆ. ಆದರೆ ಹೆದರುವುದಿಲ್ಲ, ಮಾರನೇ ದಿನ ಬಂದು ಮಿಸ್ ಇನ್ನೊಂದು ಸಲ ಆಡೋಣ ಅನ್ನುತ್ತಾರೆ. ಯಾಕೆಂದರೆ ಅವರಿಗೆ ಏನು ಬರುತ್ತದೆ ಅಂತ ಗೊತ್ತು, ಹಾಡುವ ದನಿ ಗೊತ್ತು, ಪಕ್ಕದಲ್ಲಿ ಮಿಸ್ ಇದ್ದಾರೆ. ನಿಮ್ಮ ಮಗನಿಗೆ ಲಯನ್ ಕಿಂಗ್‌ನಲ್ಲಿ ಈ ಮೂರೂ ಇರಲಿಲ್ಲ. ಕತ್ತಲು, ಗೊತ್ತಿಲ್ಲದ ಭಾಷೆ, ಮುಂದೇನು ಅಂತಲೂ ಗೊತ್ತಿಲ್ಲ.

ಅದಕ್ಕೆ ನನ್ನ ಸಲಹೆ ಒಂದೇ. ಕಥೆಯನ್ನು ಮುಂಚೆಯೇ ಹೇಳಿಬಿಡಿ. ದೊಡ್ಡವರಿಗೆ ಕಥೆ ಮೊದಲೇ ಗೊತ್ತಾದರೆ ಸಿಟ್ಟು ಬರುತ್ತದೆ, ಮಕ್ಕಳಿಗೆ ಹಾಗಿಲ್ಲ. ಅವರಿಗೆ ಗೊತ್ತಿರುವ ಕಥೆಯೇ ಇಷ್ಟ, ಅದಕ್ಕೇ ತಾನೇ ದಿನಾ ರಾತ್ರಿ ಅದೇ ಕಥೆ ಕೇಳುವುದು? ನಿಮ್ಮತ್ತೆಯವರ ಕೈಲೇ ಹೇಳಿಸಿ. ಒಬ್ಬ ಪೊಲೀಸ್ ಮೊಲ ಇದ್ದಳು, ಅವಳಿಗೆ ಒಬ್ಬ ನರಿ ಗೆಳೆಯ ಅಂತ ಅವರೇ ಶುರು ಮಾಡಲಿ. ಆಗ ಕಥೆ ಕನ್ನಡದಲ್ಲಿ ಮೊದಲು ಅವಳ ತಲೆಯಲ್ಲಿ ಕೂತಿರುತ್ತದೆ, ಥಿಯೇಟರಿನಲ್ಲಿ ಅವಳು ಅದಕ್ಕೆ ಚಿತ್ರ ನೋಡುತ್ತಾಳೆ ಅಷ್ಟೇ.

ಇನ್ನೊಂದು ವಿಷಯ. ನಮ್ಮ ಕಥೆಗಳಲ್ಲಿ ಮೊಲ ಜಾಣ, ನರಿ ಮೋಸಗಾರ. ಸಿಂಹಕ್ಕೆ ಬಾವಿಯೊಳಗೆ ಅದರದೇ ನೆರಳು ತೋರಿಸಿ ಬೀಳಿಸಿದ ಮೊಲದ ಕಥೆ ನಿಮ್ಮ ಮಗಳಿಗೆ ಗೊತ್ತಿರಲೇಬೇಕು. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದು ಹನ್ನೊಂದನೇ ಶತಮಾನದಲ್ಲಿ, ಅಂದರೆ ಸುಮಾರು ಸಾವಿರ ವರ್ಷದಿಂದ ನಮ್ಮ ಭಾಷೆಯಲ್ಲಿ ಪ್ರಾಣಿಗಳು ಮಾತಾಡುತ್ತಲೇ ಇವೆ. ಹಾಗಾಗಿ ಜೂಡಿ ನಿಮ್ಮವಳಿಗೆ ಹೊಸಬಳೇನಲ್ಲ. ಹೊಸದು ಏನೆಂದರೆ ನರಿ. ನರಿ ಅಂದರೆ ಮೋಸ ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿರುವುದೇ ಮೊದಲ ಭಾಗದ ಕಥೆ. ಎರಡನೇ ಭಾಗದಲ್ಲಿ ಅದೇ ಮಾತು ಹಾವಿಗೆ ಬರುತ್ತದೆ. ಮೊದಲ ಭಾಗದ ಊರಿನಲ್ಲಿ ಬರೀ ಹಾಲೂಡುವ ಪ್ರಾಣಿಗಳು ಇದ್ದವು, ಹಾವು ಹಲ್ಲಿ ಯಾವುದೂ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನುವ ಪ್ರಶ್ನೆಯೇ ಈ ಸಲದ ಕಥೆ. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆದು ಕೈ ಮುಗಿಯುವ ಮಗು, ಅದೇ ಹಾವು ಹಿತ್ತಲಲ್ಲಿ ಕಂಡರೆ ಚೀರುತ್ತದೆ. ಎರಡೂ ಗೊತ್ತಿರುವ ನಮ್ಮ ಮಕ್ಕಳಿಗೆ ಈ ಹಾವು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ.


ದನಿ ಕೊಡುವವನು

ಟೀಚರ್ ಬರೆದದ್ದರಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: "ಒಬ್ಬ ಪೊಲೀಸ್ ಮೊಲ ಇದ್ದಳು." ಇದ್ದಳು! ನಮ್ಮ ಅಜ್ಜಿ ಆಗಿದ್ದರೆ "ಒಂದು ಮೊಲ ಇತ್ತು" ಅನ್ನುತ್ತಿದ್ದರು.

ನಾನು ಡಬ್ಬಿಂಗ್ ಕೆಲಸದವನು. ಸೀರಿಯಲ್, ಜಾಹೀರಾತು, ಈಚೆಗೆ ಕೆಲವು ಸಿನಿಮಾ. ಒಂದು ಕಾರ್ಟೂನ್ ಸರಣಿಗೆ ಕನ್ನಡದಲ್ಲಿ ದನಿ ಕೊಡುವಾಗ ನಾವು ಒಂದಿಡೀ ಬೆಳಿಗ್ಗೆ ಜಗಳ ಆಡಿದ್ದು ಇದೇ ವಿಷಯಕ್ಕೆ. ಇಂಗ್ಲಿಷಿನಲ್ಲಿ ಓಡುವುದು ಯಾರೇ ಆಗಲಿ ಕ್ರಿಯಾಪದ ಬದಲಾಗುವುದಿಲ್ಲ. ಕನ್ನಡದಲ್ಲಿ ಓಡಿತು, ಓಡಿದ, ಓಡಿದಳು, ಮೂರರಲ್ಲಿ ಒಂದನ್ನು ಆರಿಸಲೇಬೇಕು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಪ್ರಾಣಿಗಳಿಗೆ ನಾವು ಓಡಿತು ಅನ್ನುತ್ತೇವೆ. ಆದರೆ ಒಂದು ಪ್ರಾಣಿ ಇನ್ನೊಂದು ಪ್ರಾಣಿಯ ಬಗ್ಗೆ ಮಾತಾಡುವಾಗ? ನರಿ ಮೊಲದ ಬಗ್ಗೆ "ಅದು ಎಲ್ಲಿ ಹೋಯಿತು" ಅಂದರೆ ಕೇಳುವವರಿಗೆ ಏನೋ ಕಳೆದುಹೋದ ಚಪ್ಪಲಿ ಹುಡುಕಿದ ಹಾಗೆ. "ಅವಳು ಎಲ್ಲಿ ಹೋದಳು" ಅನ್ನಲೇಬೇಕು. ನೀನು, ನೀವು ಅನ್ನುವುದೂ ಹಾಗೇ. ಹೊಸದಾಗಿ ಕೆಲಸಕ್ಕೆ ಸೇರಿದ ಮೊಲ ಅಧಿಕಾರಿ ಕೋಣಕ್ಕೆ ನೀವು ಅನ್ನುತ್ತದೆ, ಸರಿ. ನರಿಗೆ? ಮೊದಲ ದಿನ ನೀವು ಅಂದು ಯಾವಾಗ ನೀನು ಅಂತ ಬದಲಾಗಬೇಕು? ಆ ಒಂದು ಬದಲಾವಣೆಯಲ್ಲೇ ಗೆಳೆತನ ಶುರುವಾದದ್ದು ತೋರಿಸಬಹುದು, ಇಂಗ್ಲಿಷಿನಲ್ಲಿ ಆ ಅನುಕೂಲ ಇಲ್ಲವೇ ಇಲ್ಲ. ಅದಕ್ಕೇ ಕನ್ನಡದಲ್ಲಿ ಇದು ಬರಬೇಕು ಅಂತ ನನಗೆ ಅಷ್ಟು ಆಸೆ.

ಅನಿಮೇಷನ್‌ಗೆ ದನಿ ಕೊಡುವುದು ಮನುಷ್ಯರ ಸಿನಿಮಾಕ್ಕಿಂತ ಸ್ವಲ್ಪ ಸುಲಭವೂ ಹೌದು. ಮೂಲದಲ್ಲಿ ನಟರ ದನಿ ಮೊದಲು ರೆಕಾರ್ಡ್ ಮಾಡಿಕೊಂಡು ಅದಕ್ಕೆ ತಕ್ಕಂತೆ ಬಾಯಿ ಆಡಿಸಿರುತ್ತಾರೆ. ನಾವು ಅದರ ಉಲ್ಟಾ ಮಾಡುತ್ತೇವೆ. ಪ, ಬ, ಮ ಬಂದಲ್ಲಿ ತುಟಿ ಮುಚ್ಚಬೇಕು, ಅದು ತಪ್ಪಿದರೆ ನೋಡುವವರಿಗೆ ತಕ್ಷಣ ಕಾಣುತ್ತದೆ. ಉದ್ದ ಮೂತಿಯ ಪ್ರಾಣಿಗಳಲ್ಲಿ ಈ ಕಷ್ಟ ಕಡಿಮೆ.

ಕನ್ನಡದಲ್ಲಿ ಯಾಕಿಲ್ಲ ಅನ್ನುವುದಕ್ಕೆ ದೊಡ್ಡ ಇತಿಹಾಸವೇ ಇದೆ. 1960ರ ದಶಕದಲ್ಲಿ ಕನ್ನಡ ಸಿನಿಮಾ ಉಳಿಯಲಿ ಅಂತ ಡಬ್ಬಿಂಗ್ ವಿರುದ್ಧ ಹೋರಾಟ ಆಯಿತು. ಆಗಿನ ಕಾಲಕ್ಕೆ ಅದಕ್ಕೆ ಕಾರಣವೂ ಇತ್ತು, ಅದನ್ನು ಹಗುರವಾಗಿ ನೋಡುವವನು ನಾನಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟಿತು, 2017ರಿಂದ ಡಬ್ ಆದ ಸಿನಿಮಾಗಳು ಥಿಯೇಟರಿಗೆ ಬರತೊಡಗಿದವು. ಹಾಗಾಗಿ ಈಗ ತಡೆ ಏನೂ ಇಲ್ಲ. 2023ರಲ್ಲಿ ಸ್ಪೈಡರ್‌ಮ್ಯಾನ್ ಅನಿಮೇಷನ್ ಸಿನಿಮಾ ಹತ್ತು ಭಾಷೆಯಲ್ಲಿ ಬಂತು, ಅದರಲ್ಲಿ ಕನ್ನಡವೂ ಇತ್ತು. 2025ರ ಜುಲೈನಲ್ಲಿ ಮಹಾವತಾರ ನರಸಿಂಹ ಕನ್ನಡದಲ್ಲೇ ಬಂದಾಗ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಜೊತೆ ಬಂದು ಕೂತಿದ್ದನ್ನು ನಾನೇ ನೋಡಿದ್ದೇನೆ. ಆದರೆ 2024ರ ಮುಫಾಸಕ್ಕೆ, ಅಂದರೆ ಲಯನ್ ಕಿಂಗ್‌ನ ಅಪ್ಪ ಸಿಂಹದ ಕಥೆಯ ಸಿನಿಮಾಕ್ಕೆ, ಹಿಂದಿಯಲ್ಲಿ ಶಾರುಖ್ ಖಾನ್, ತೆಲುಗಿನಲ್ಲಿ ಮಹೇಶ್ ಬಾಬು ದನಿ ಕೊಟ್ಟರು, ಕನ್ನಡಕ್ಕೆ ಬರಲಿಲ್ಲ. ನಮ್ಮವರು ಇಂಗ್ಲಿಷಿನಲ್ಲೇ ನೋಡುತ್ತಾರೆ ಅನ್ನುವ ಲೆಕ್ಕ ಇರಬೇಕು. ಐದೂವರೆ ವರ್ಷದವರು ಆ ಲೆಕ್ಕದಲ್ಲಿ ಇಲ್ಲ, ದಾವಣಗೆರೆಯ ಅಜ್ಜಿಯೂ ಇಲ್ಲ.

ಮೊದಲ ಝೂಟೋಪಿಯದಲ್ಲಿ ಟೀವಿ ನ್ಯೂಸ್ ಓದುವ ಪ್ರಾಣಿಯನ್ನು ದೇಶಕ್ಕೆ ತಕ್ಕ ಹಾಗೆ ಬದಲಾಯಿಸಿದ್ದರು. ಅಮೆರಿಕಕ್ಕೆ ಮೂಸ್ ಅನ್ನುವ ದೊಡ್ಡ ಕೊಂಬಿನ ಜಿಂಕೆ, ಆಸ್ಟ್ರೇಲಿಯಕ್ಕೆ ಕೋಆಲ, ಚೀನಾಕ್ಕೆ ಪಾಂಡಾ, ಬ್ರೆಜಿಲ್‌ಗೆ ಜಾಗ್ವಾರ್, ಜಪಾನಿಗೆ ಅವರ ತನೂಕಿ ಅನ್ನುವ ಕಾಡುನಾಯಿ ಜಾತಿಯ ಪ್ರಾಣಿ. ಅಷ್ಟು ಚಿಕ್ಕ ಪಾತ್ರಕ್ಕೆ ಅಷ್ಟು ಯೋಚನೆ. ನಮಗಾದರೆ ದರೋಜಿ ಕರಡಿಧಾಮದ ಕರಡಿಯನ್ನು ಆ ಕುರ್ಚಿಯಲ್ಲಿ ಕೂರಿಸಿ ಬಳ್ಳಾರಿ ಕನ್ನಡದಲ್ಲಿ ನ್ಯೂಸ್ ಓದಿಸಬಹುದಿತ್ತು. ದುಡ್ಡು ತೆಗೆದುಕೊಳ್ಳದೆ ದನಿ ಕೊಡುತ್ತೇನೆ ನಾನು.

ಅಮ್ಮನವರೇ, ಹೋಗಿ ಬಂದ ಮೇಲೆ ದಯವಿಟ್ಟು ಬರೆಯಿರಿ. ಅವಳು ಮೊಲ ಬಂತು ಅಂದಳೋ, ಬಂದಳು ಅಂದಳೋ, ಅದೊಂದು ಗಮನಿಸಿ.


ದಾವಣಗೆರೆ ಅಮ್ಮ

ಹೋಗಿ ಬಂದೆವು! ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಟೀಚರ್ ಹೇಳಿದ ಹಾಗೆ ನಮ್ಮತ್ತೆಗೆ ಮೊದಲ ಭಾಗದ ಕಥೆ ಹೇಳಿದೆ. ಅವರು ಅದನ್ನು ಮೂರು ರಾತ್ರಿ ಹೇಳಿದರು, ತಮ್ಮದೇ ರೀತಿಯಲ್ಲಿ. ಅವರ ಕಥೆಯಲ್ಲಿ ಮೊಲದ ಅಪ್ಪ ಅಮ್ಮ ಹರಿಹರದ ಹತ್ತಿರ ಗದ್ದೆ ಮಾಡಿಕೊಂಡಿದ್ದಾರೆ, ಮೊಲ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಪೊಲೀಸ್ ಆಗುತ್ತದೆ. ಸಿನಿಮಾದಲ್ಲೂ ಅದು ರೈಲಿನಲ್ಲೇ ಹೋಗುವುದಲ್ವಾ, ಆನೆಗೊಂದು ಬಾಗಿಲು, ಇಲಿಗೊಂದು ಬಾಗಿಲು ಇರುವ ರೈಲು. ಮನೆಯಲ್ಲಿ ಆ ದೃಶ್ಯ ತೋರಿಸಿದಾಗ "ಅಜ್ಜಿ ಹೇಳಿದ ರೈಲು" ಅಂತ ಕೂಗಿದಳು. ಜಾಗ್ವಾರ್ ಬಂದಾಗ ದಿಂಬಿನ ಹಿಂದೆ ಹೋದಳು, ಆದರೆ ನಿಲ್ಲಿಸು ಅನ್ನಲಿಲ್ಲ.

ಭಾನುವಾರ ಬೆಳಗಿನ ಶೋ, ಇಂಗ್ಲಿಷ್, 2ಡಿ, ಹಿಂದಿನಿಂದ ಎರಡನೇ ಸಾಲು. ಅಣ್ಣ ಹೇಳಿದ ಹಾಗೆ ಬ್ಯಾಗು ಬೆನ್ನ ಹಿಂದೆ ಇಟ್ಟೆ, ಬಹಳ ಉಪಯೋಗ ಆಯಿತು. ಲೈಟ್ ಆರಿದಾಗ ಮಾತ್ರ ನನ್ನ ಕೈ ಗಟ್ಟಿಯಾಗಿ ಹಿಡಿದಳು. ದೊಡ್ಡವನಿಗೆ ಈಗ ಹನ್ನೊಂದು ವರ್ಷ, ಅವನು ಆಚೆ ಪಕ್ಕ ಕೂತಿದ್ದ. ನಾನು ಹೇಳದಿದ್ದರೂ ತಂಗಿಯ ಇನ್ನೊಂದು ಕೈ ಅವನು ಹಿಡಿದುಕೊಂಡ. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು, ಸಿನಿಮಾ ಇನ್ನೂ ಶುರುವೇ ಆಗಿರಲಿಲ್ಲ.

ಕಿವಿಯಲ್ಲಿ ಹೇಳುವುದು ಮೊದಲ ಹತ್ತು ನಿಮಿಷ ಮಾಡಿದೆ. ಆಮೇಲೆ ಅವಳೇ ನನಗೆ ಹೇಳತೊಡಗಿದಳು. "ಅಮ್ಮಾ, ಅವರಿಬ್ಬರಿಗೂ ಜಗಳ." "ಅಮ್ಮಾ, ಅದಕ್ಕೆ ಬೇಜಾರಾಗಿದೆ, ಕಿವಿ ನೋಡು." ಬರ್ಮಿಂಗ್‌ಹ್ಯಾಮ್ ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಕೆಲವು ಕಡೆ ತಮಾಷೆ ಅರ್ಥವಾಗದೆ ಸುತ್ತಲಿನ ಮಕ್ಕಳೆಲ್ಲ ನಕ್ಕಾಗ ನನ್ನ ಮುಖ ನೋಡುತ್ತಿದ್ದಳು. ಅದೊಂದು ಸಂಕಟ ಇದ್ದೇ ಇತ್ತು, ಸುಳ್ಳು ಹೇಳುವುದಿಲ್ಲ. ಕನ್ನಡದಲ್ಲಿ ಇದ್ದಿದ್ದರೆ ಅವಳೂ ಅವರ ಜೊತೆಗೇ ನಗುತ್ತಿದ್ದಳು.

ಹಾವು ಬಂದಾಗ ಅವಳು ಚೀರಲಿಲ್ಲ. ನೀಲಿ ಬಣ್ಣದ್ದು. ಕೈಯೆರಡೂ ಬಿಡಿಸಿಕೊಂಡು ನಮಸ್ಕಾರ ಮಾಡಿ ಮತ್ತೆ ನಮ್ಮ ಕೈ ಹಿಡಿದುಕೊಂಡಳು. ಮುಂದಿನ ಸಾಲಿನ ಹೆಂಗಸರು ಹಿಂದೆ ತಿರುಗಿ ನೋಡಿ ನಕ್ಕರು.

ಇಂಟರ್ವಲ್‌ನಲ್ಲಿ ಸಾಕಾ ಹೋಗೋಣವಾ ಅಂತ ಕೇಳಿದೆ. ಬೇಡ ಅಂತ ತಲೆ ಆಡಿಸಿದಳು. ಪೂರ್ತಿ ನೋಡಿದಳು. ಕೊನೆ ಕೊನೆಗೆ ಎರಡು ಕಡೆ ನನ್ನ ತೋಳಲ್ಲಿ ಮುಖ ಮುಚ್ಚಿಕೊಂಡಳು, ಆದರೆ ಒಂದು ಕಣ್ಣು ಪರದೆ ಮೇಲೇ ಇತ್ತು.

ದನಿ ಕೊಡುವ ಅಣ್ಣ, ನೀವು ಕೇಳಿದ್ದನ್ನು ನೆನಪಿಟ್ಟುಕೊಂಡು ಗಮನಿಸಿದೆ. ಇಂಟರ್ವಲ್ ತನಕ ಮೊಲ ಓಡ್ತು, ನರಿ ಬಿತ್ತು ಅಂತಲೇ ಹೇಳುತ್ತಿದ್ದಳು. ಹೊರಗೆ ಬಂದ ಮೇಲೆ ಮೆಟ್ರೋದಲ್ಲಿ ಅಕ್ಕನ ಮಕ್ಕಳ ಜೊತೆ ಮಾತಾಡುವಾಗ ಮೊಲ "ಅವಳು" ಆಗಿದ್ದಳು. ನಾವು ಯಾರೂ ಹೇಳಿಕೊಟ್ಟಿಲ್ಲ.

ಊರಿಗೆ ಬಂದ ರಾತ್ರಿ ನಮ್ಮತ್ತೆ ಪಕ್ಕದಲ್ಲಿ ಮಲಗಿಕೊಂಡು ಈ ಸಲ ಅವಳೇ ಅಜ್ಜಿಗೆ ಕಥೆ ಹೇಳಿದಳು. ಹಾವು ಕಳ್ಳ ಅಂತ ಎಲ್ಲರೂ ಅಂದುಕೊಂಡಿದ್ದರಂತೆ, ಹಾವುಗಳನ್ನೆಲ್ಲ ಊರಿಂದ ಓಡಿಸಿದ್ದರಂತೆ, ಪಾಪ ಅಂತೆ. ಅತ್ತೆ ಹೂಂ ಹೂಂ ಅನ್ನುತ್ತಾ ಕೇಳಿದರು. "ಆಮೇಲೆ ಏನ್ ಮಾಡ್ತು ಆ ಹಾವು?"

"ಮಾಡ್ತು ಅಲ್ಲ ಅಜ್ಜಿ, ಮಾಡಿದ."